ದ್ಯಾಮಕ್ಕನ ನಕ್ಷೆಯಲ್ಲಿ ಹಳೆಗುಂಡಿ

ಬೆಳಗಿನ ಆರಕ್ಕೆ ಇನ್ನೂ ಹತ್ತು ನಿಮಿಷ. ಸಂಡೂರು ತಾಲ್ಲೂಕಿನ ಹುಣಸೆಹಟ್ಟಿಯ ಗ್ರಂಥಾಲಯದ ಮೆಟ್ಟಿಲ ಬಳಿ ಒಂಬತ್ತು ಜೊತೆ ಪುಟ್ಟ ಚಪ್ಪಲಿಗಳಿವೆ. ಅದಿರಿನ ಧೂಳು ಹತ್ತಿ ಎಲ್ಲವೂ ಒಂದೇ ಬಣ್ಣಕ್ಕೆ ತಿರುಗಿವೆ. ಒಳಗೆ ಒಂದು ಟ್ಯೂಬ್‌ಲೈಟ್, ಒಂದು ಹಳೆಯ ಕಂಪ್ಯೂಟರ್, ಅದರ ಮುಂದೆ ಚಾಪೆಯ ಮೇಲೆ ಒತ್ತಿಕೊಂಡು ಕುಳಿತ ಮಕ್ಕಳು. ಪರದೆಯ ಮೇಲೆ ವಿಡಿಯೊ ಗೇಮಿನ ಒಂದು ಮರದ ಸೇತುವೆ, ಅದರಾಚೆ ಕೋಲೂರಿ ನಿಂತ ಮುದುಕಿ. ಅವಳ ತಲೆಯ ಮೇಲೆ ಇಂಗ್ಲಿಷಿನಲ್ಲಿ ಎರಡು ಸಾಲು ಮೂಡುತ್ತವೆ.

“ಯಾರೂ ಒತ್ತಬ್ಯಾಡ್ರಿ,” ಎನ್ನುತ್ತಾರೆ ಗ್ರಂಥಾಲಯ ನೋಡಿಕೊಳ್ಳುವ ದ್ಯಾಮಕ್ಕ. “ಮೊದಲ ಓದ್ರಿ.”

ಹತ್ತು ವರ್ಷದ ಹುಲಿಗೇಶ ಪರದೆಗೆ ಬೆರಳಿಟ್ಟು ಒಂದೊಂದೇ ಪದ ಓದುತ್ತಾನೆ. ಪಕ್ಕದ ಹುಡುಗಿ ನಿಘಂಟಿನ ಹಾಳೆ ತಿರುವುತ್ತಾಳೆ. ಮುದುಕಿಗೆ ಯಾರಾದರೂ ದಾರಿ ತೋರಿಸಬೇಕಂತೆ. ಆದರೆ ಎಲ್ಲಿಗೆ ಎಂದು ಅವಳು ಹೇಳುತ್ತಿಲ್ಲ. ಕೆಳಗೆ ಮೂರು ಉತ್ತರಗಳಿವೆ, ಒಂದನ್ನು ಆರಿಸಬೇಕು.

“ನಿಮ್ಮಜ್ಜಿ ಇದ್ದಂಗ ಅದಾಳ ನೋಡಲೇ,” ಎಂದು ಹಿಂದಿನಿಂದ ಯಾರೋ ಹುಲಿಗೇಶನನ್ನು ಕೆಣಕುತ್ತಾರೆ.

“ನಮ್ಮಜ್ಜಿ ದಾರಿ ಕೇಳಂಗಿಲ್ಲಲೇ. ದಾರ್ಯಾಗ ಹೋಗೋರ್ನ ನಿಂದ್ರಿಸಿ ಬೈತಾಳ.”

ಮಕ್ಕಳು ನಗುತ್ತಾರೆ. ದ್ಯಾಮಕ್ಕನೂ ನಗುತ್ತಾರೆ, ಆದರೆ ಅವರ ಕಣ್ಣು ಟ್ಯೂಬ್‌ಲೈಟಿನ ಮೇಲಿದೆ. ಆಟವನ್ನು ಉಳಿಸಿಡುವ ಮೊದಲೇ ಕರೆಂಟ್ ಹೋದರೆ ಅಂದಿನ ಬೆಳಗಿನ ದುಡಿಮೆಯೆಲ್ಲ ಹೋದಂತೆ. ದೀಪ ಮಿಣುಕಿದರೆ ಸಾಕು, ಅವರ ಕೈ ಕೀಬೋರ್ಡಿನತ್ತ ಹೋಗುತ್ತದೆ. ಇವತ್ತು ಅವರು ಬಾಗಿಲ ಕಡೆಗೂ ಮತ್ತೆ ಮತ್ತೆ ನೋಡುತ್ತಾರೆ. ಚಾಪೆಯ ತುದಿಯಲ್ಲಿ ಒಂದು ಜಾಗ ಖಾಲಿ ಇದೆ. ಅದು ಹನ್ನೊಂದು ವರ್ಷದ ತ್ರಿವೇಣಿಯ ಜಾಗ. ಒಂದು ವಾರದಿಂದ ಅವಳನ್ನು ಮನೆಯವರು ಕಳಿಸಿಲ್ಲ.

ಬೆಳಿಗ್ಗೆ ಹತ್ತೂವರೆಗೆ ಪಂಚಾಯಿತಿ ಕಚೇರಿಯಲ್ಲಿ ಸಭೆ ಇದೆ. ಗ್ರಂಥಾಲಯದ ಕಂಪ್ಯೂಟರಿನಿಂದ ಈ ಆಟವನ್ನು ಅಳಿಸಿಹಾಕಬೇಕೇ ಎಂಬುದೊಂದೇ ವಿಷಯ. ಇದರ ಇನ್ನೊಂದು ಪ್ರತಿ ಎಲ್ಲೂ ಇಲ್ಲ. ಹೊಸಪೇಟೆಯ ರಿಪೇರಿ ಅಂಗಡಿಯವರು ನಕಲು ತೆಗೆಯಲು ನೋಡಿ, ಆಗುವುದಿಲ್ಲವೆಂದು ಕೈಚೆಲ್ಲಿದ್ದಾರೆ. ಅಳಿಸಿದರೆ ಮಕ್ಕಳ ಇಪ್ಪತ್ತಾರು ತಿಂಗಳ ದಾರಿ ಅಲ್ಲಿಗೆ ಮುಗಿಯುತ್ತದೆ.

ದ್ಯಾಮಕ್ಕನಿಗೆ ಈಗ ನಲವತ್ತಮೂರು. ಹದಿಮೂರನೆಯ ವಯಸ್ಸಿಗೆ ಅದಿರಿನ ಅಂಗಳಕ್ಕೆ ಹೋದವರು. ಸುತ್ತಿಗೆಯಲ್ಲಿ ಕಲ್ಲು ಒಡೆದು, ಕೈಯಲ್ಲೇ ಒಳ್ಳೆಯದು ಕೆಟ್ಟದ್ದು ಬೇರೆ ಮಾಡುವುದು ಕೆಲಸ. ಬಲಗೈ ತೋರುಬೆರಳಿನ ತುದಿ ಅಲ್ಲಿಯೇ ಹೋಯಿತು. ಹಾಗಾಗಿ ಅವರು ಪರದೆಯ ಮೇಲೆ ನಡುಬೆರಳಿನಿಂದ ತೋರಿಸುತ್ತಾರೆ, ಅವರನ್ನು ನೋಡಿ ಚಾಪೆಯ ಮಕ್ಕಳೂ ಹಾಗೆಯೇ ತೋರಿಸುತ್ತಾರೆ. ಅಂಗಳದ ಕೆಲಸ ನಿಂತ ಮೇಲೆ ಖಾಸಗಿಯಾಗಿ ಹತ್ತನೆಯ ತರಗತಿ ಕಟ್ಟಿ, ಆಮೇಲೆ ಪಿಯುಸಿ ಮುಗಿಸಿದರು. ಗ್ರಂಥಾಲಯದ ಮೇಲ್ವಿಚಾರಕಿಯಾಗಿ ಹದಿನಾಲ್ಕು ವರ್ಷ ಆಗಿದೆ.

“ನನಗ ಬರ್ತಿದ್ದ ಇಂಗ್ಲೀಷು ಅಂದ್ರ ಎ ಯಿಂದ ಝಡ್ ತನಕ, ಆಮ್ಯಾಲ ಟಿಪ್ಪರ್ ಹಿಂದ ಬರ್ದಿದ್ದ ಸೌಂಡ್ ಹಾರ್ನ್. ಅಷ್ಟ ರೀ,” ಎನ್ನುತ್ತಾರೆ.

ಕಂಪ್ಯೂಟರ್ ಬಂದದ್ದು ಮುಚ್ಚಿಹೋದ ಒಂದು ವೇಬ್ರಿಡ್ಜಿನಿಂದ. ಅದಿರು ತುಂಬಿದ ಲಾರಿಗಳನ್ನು ತೂಗಿ ಚೀಟಿ ಕೊಡುತ್ತಿದ್ದ ಯಂತ್ರ ಅದು. ಪ್ರಿಂಟರ್ ಹಚ್ಚುವುದು ಹೇಗೆಂದು ಹುಡುಕುತ್ತಿದ್ದಾಗ ದ್ಯಾಮಕ್ಕನಿಗೆ ತೂಕದ ಕಡತಗಳ ನಡುವೆ ಒಂದು ಆಟ ಸಿಕ್ಕಿತು. ಲಾರಿ ಬಾರದ ಹೊತ್ತಿನಲ್ಲಿ ಬೇಸರ ಕಳೆಯಲು ಯಾವನೋ ಗುಮಾಸ್ತ ಹಾಕಿಕೊಂಡದ್ದು. ನಾವೇ ಒಂದು ಪಾತ್ರವಾಗಿ ಊರಿಂದೂರಿಗೆ ನಡೆಯುವ ವಿಡಿಯೊ ಗೇಮ್. ಪ್ರತಿ ಊರಿನಲ್ಲೂ ಜನ ಮಾತಾಡಿಸುತ್ತಾರೆ. ಅವರ ಮಾತು ತಿಳಿದು, ಯೋಚಿಸಿ ಉತ್ತರ ಕೊಟ್ಟರೆ ಮುಂದಿನ ದಾರಿ. ಓದದೆ ಗುಂಡಿ ಒತ್ತಿದವರು ಸುತ್ತಿ ಸುತ್ತಿ ಮೊದಲ ಊರಿಗೇ ಬಂದು ನಿಲ್ಲುತ್ತಾರೆ.

ಐದು ತಿಂಗಳು ಅವರೊಬ್ಬರೇ ಆಡಿದರು. ಮೊದಲ ಊರು ದಾಟಲಾಗಲಿಲ್ಲ. ಒಂದು ಬೆಳಿಗ್ಗೆ ಬಾಗಿಲಲ್ಲಿ ನಿಂತು ನೋಡುತ್ತಿದ್ದ ಮಕ್ಕಳನ್ನು ಒಳಗೆ ಕರೆದರು. ಎಲ್ಲರೂ ಸೇರಿ ಒಂಬತ್ತೇ ದಿನಕ್ಕೆ ದಾಟಿದರು.

ಗ್ರಂಥಾಲಯ ತೆರೆಯುವ ಸರಕಾರಿ ವೇಳೆ ಬೇರೆ. ಇವರು ಐದು ಮುಕ್ಕಾಲಿಗೇ ಬೀಗ ತೆಗೆಯುವುದಕ್ಕೆ ಕಾರಣ, ಊರಿನ ಹೆಂಗಸರನ್ನು ಕಂಪ್ಲಿ ಕಡೆಯ ಗದ್ದೆಗಳಿಗೆ ನಾಟಿಗೆ ಒಯ್ಯುವ ಟೆಂಪೊ ಐದೂವರೆಗೆ ಹೊರಟುಬಿಡುತ್ತದೆ. ತಾಯಂದಿರು ಹತ್ತಿದ ಮೇಲೆ ಶಾಲೆ ಶುರುವಾಗುವ ತನಕ ಮಕ್ಕಳು ಬೀದಿಯಲ್ಲೇ ಇರುತ್ತಿದ್ದರು. ಆ ಬೀದಿಯಲ್ಲಿ ಟಿಪ್ಪರ್‌ಗಳು ಓಡಾಡುತ್ತವೆ.

ಆಟಕ್ಕೆ ದ್ಯಾಮಕ್ಕ ಹಾಕಿದ ಕಟ್ಟಳೆ ಇದು: ಐದು ಜನರ ಗುಂಪು, ಐದು ಕೆಲಸ. ಒಬ್ಬರು ಓದಬೇಕು, ಒಬ್ಬರು ಪದದ ಅರ್ಥ ಹುಡುಕಬೇಕು, ಒಬ್ಬರು ನಕ್ಷೆ ಬರೆಯಬೇಕು. ನಾಲ್ಕನೆಯವರು ಯಾವ ಉತ್ತರ ಆರಿಸಬೇಕೆಂದು ಹೇಳಿ, ಯಾಕೆ ಎಂಬುದನ್ನೂ ಹೇಳಬೇಕು. ಅವರ ಕಾರಣ ಉಳಿದವರಿಗೆ ಒಪ್ಪಿಗೆಯಾದರೆ ಮಾತ್ರ ಐದನೆಯವರು ಒತ್ತುವುದು. ದಿನಾ ಕೆಲಸ ಬದಲಾಗುತ್ತದೆ.

“ಹೇಳಿದೋರ ಕೈಯಾಗ ಗುಂಡಿ ಕೊಡಬಾರದು,” ಎನ್ನುತ್ತಾರೆ ದ್ಯಾಮಕ್ಕ. “ಕೊಟ್ರ ಕಾರಣ ಹೇಳೋದು ಬಿಟ್ಟು ಒತ್ತೇ ಬಿಡ್ತಾರ. ದೊಡ್ಡೋರೂ ಹಂಗ ಅದಾರಲ್ಲ?”

ದಿನಕ್ಕೆ ಒಂದೂವರೆ ತಾಸು. ಹೆಚ್ಚೆಂದರೆ ನಲವತ್ತು ಸಾಲು. ಪದಗಳ ಪುಸ್ತಕದಲ್ಲಿ ಈವರೆಗೆ ಎರಡು ಸಾವಿರದ ಮುನ್ನೂರು ಇಂಗ್ಲಿಷ್ ಪದಗಳಿವೆ, ಎದುರಿಗೆ ಕನ್ನಡ, ಕೆಲವಕ್ಕೆ ಚಿತ್ರ. ಆಟದಲ್ಲಿರುವ ಹನ್ನೊಂದು ಊರುಗಳಲ್ಲಿ ಏಳು ಮುಗಿದಿವೆ. ಮಕ್ಕಳು ಇದರಿಂದ ಎಷ್ಟು ಕಲಿತರೆಂದು ಅಳೆದವರಿಲ್ಲ, ಅಳೆಯದೆ ಹೇಳುವುದು ಸರಿಯಲ್ಲ. ಕಣ್ಣಿಗೆ ಕಂಡದ್ದಿಷ್ಟು: ಓದಲು ಹೆದರುವ ಮಗು ಆ ಚಾಪೆಯ ಮೇಲೆ ಇರಲಿಲ್ಲ.

ಎರಡು ವರ್ಷದಲ್ಲಿ ಮೂರು ಸಲ ಕಂಪ್ಯೂಟರ್ ಕೆಟ್ಟಿದೆ. ಮೂರು ಸಲವೂ ಅವರು ಅದನ್ನು ಸೀರೆಯಲ್ಲಿ ಸುತ್ತಿ, ಬಸ್ಸಿನಲ್ಲಿ ತೊಡೆಯ ಮೇಲಿಟ್ಟುಕೊಂಡು ಹೊಸಪೇಟೆಗೆ ಒಯ್ದಿದ್ದಾರೆ. “ಕೂಸಿಗೆ ಏನಾಗೈತಿ ಬೇ, ಮುಖ ತೋರಸು ಅಂದ್ಲು ಬಾಜೂಕ ಕುಂತಾಕಿ ಒಬ್ಬಾಕಿ. ತೋರಿಸಿದೆ. ಎದ್ದು ಬ್ಯಾರೆ ಸೀಟಿಗೆ ಹೋದ್ಲು.”

ಇಷ್ಟು ಹೇಳುವಾಗ ನಗುತ್ತಾರೆ. ನಕ್ಷೆಯ ಪುಸ್ತಕದ ಮಾತು ಬಂದೊಡನೆ ನಗು ನಿಲ್ಲುತ್ತದೆ.

ಆಟದ ಊರುಗಳಿಗೆ ಬಾಯಿಗೆ ಸುಲಭವಲ್ಲದ ಹೆಸರುಗಳಿದ್ದವು. ಪೂರ್ವ ಪಶ್ಚಿಮ ತಿಳಿಯಲಿ ಎಂದು ದ್ಯಾಮಕ್ಕ ಒಂದು ಉಪಾಯ ಮಾಡಿದರು. ನಮ್ಮ ಸೀಮೆಯ ಹೆಸರುಗಳನ್ನೇ ಇಡಿ ಎಂದರು. ಮಕ್ಕಳು ಉತ್ಸಾಹದಿಂದ ಇಟ್ಟರು. ಕಲ್ಲುಕಂಬಗಳ ಪಾಳು ಪಟ್ಟಣ ಹಂಪಿಯಾಯಿತು. ಅಂಗಡಿಬೀದಿ ಹೊಸಪೇಟೆ, ಹೊಳೆ ದಾಟುವ ಜಾಗ ಕಂಪ್ಲಿ. ಕಾವಲುಗಾರನ ಮನೆಗೆ ಹುಣಸೆಹಟ್ಟಿಯ ಕೊನೆಯ ಕಟ್ಟಡವಾದ ಅಂಗನವಾಡಿಯ ಹೆಸರು. ಅದರ ಮುಂದೆ ಗುಡ್ಡದ ಬುಡದಲ್ಲಿ ಒಂದು ಗವಿ ಇತ್ತು. ಅದಕ್ಕೆ ಹಳೆಗುಂಡಿ ಎಂದು ಬರೆದರು.

ಹಳೆಗುಂಡಿ ಎಂದರೆ ಊರಿನ ಹಿಂದೆ ಎಂದೋ ಅದಿರು ಅಗೆದು ಬಿಟ್ಟುಹೋದ ಹೊಂಡ. ಅಗೆದವರು ಯಾರೆಂದು ಈಗ ಯಾರೂ ಹೇಳುವುದಿಲ್ಲ. ವರ್ಷವಿಡೀ ನೀರು ನಿಂತಿರುತ್ತದೆ. ಬೇಲಿ ಇಲ್ಲ. ಎರಡು ವರ್ಷದ ಹಿಂದೆ ಒಂದು ಎತ್ತು ಬಿದ್ದಿತ್ತು, ಮೇಲೆತ್ತಲಾಗಲಿಲ್ಲ.

ಹದಿನೈದು ದಿನದ ಹಿಂದೆ ತ್ರಿವೇಣಿಗೂ ಹುಲಿಗೇಶನಿಗೂ ಜಗಳವಾಯಿತು. ಕಾವಲುಗಾರನ ಮನೆಯಿಂದ ಗವಿಗೆ ಎಷ್ಟು ಹೆಜ್ಜೆ ಎಂದು ನಕ್ಷೆಯಲ್ಲಿ ಬರೆಯಬೇಕಿತ್ತು. ಅವಳು ಒಂದು ಹೇಳಿದಳು, ಅವನು ಒಂದು ಹೇಳಿದ. ಆಗ ದ್ಯಾಮಕ್ಕ ಹೇಳಿದ ಮಾತನ್ನು ಎಲ್ಲ ಮಕ್ಕಳೂ ನೆನಪಿಟ್ಟಿದ್ದಾರೆ: “ನಕ್ಷಿ ತಪ್ಪೈತಿ ಅನಿಸಿದ್ರ ಜಗಳ ಯಾಕ? ಹೋಗಿ ನೋಡಿ ಸರಿ ಮಾಡ್ರಿ.” ಅವರು ಹೇಳಿದ್ದು ಪರದೆಯ ಮೇಲೆ ಹೋಗಿ ನೋಡುವುದನ್ನು. ಆದರೆ ನಕ್ಷೆಯಲ್ಲಿ ಬರೆದದ್ದು ಅಂಗನವಾಡಿ ಮತ್ತು ಹಳೆಗುಂಡಿ.

ಕಳೆದ ಮಂಗಳವಾರ ಶಾಲೆ ಬಿಟ್ಟ ಮೇಲೆ ಇಬ್ಬರೂ ನಕ್ಷೆಯ ಪುಸ್ತಕ ಹಿಡಿದು ಅಂಗನವಾಡಿಯ ಹೊಸ್ತಿಲಿಂದ ಹೆಜ್ಜೆ ಎಣಿಸುತ್ತ ಹೊರಟರು. ಅವರನ್ನು ನೋಡಿದವರು ಆಡು ಮೇಯಿಸುವ ಓಬಳಪ್ಪ.

“ಮ್ಯಾಲ ಗುಡ್ಡದಾಗಿದ್ದೆ,” ಎನ್ನುತ್ತಾರೆ ಓಬಳಪ್ಪ. “ಹುಡುಗಿ ಮುಂದ, ಹುಡುಗ ಹಿಂದ. ಬಾಯಾಗ ಏನೋ ಎಣಿಸ್ಕೋಂತ ಬರಾಕಹತ್ಯಾರ. ಕಾಲು ನೋಡ್ಕೋಂತ ಬರಾಕಹತ್ಯಾರ್ರೀ, ಮುಂದ ನೋಡವಲ್ರು! ಕೂಗಿದ್ರ ಗಾಬ್ರಿಯಾಗಿ ಎಲ್ಲಿ ಜಾರ್ತಾರೋ ಅಂತ ಕೂಗಲಿಲ್ಲ. ಓಡಿ ಬಂದು ಹಿಂದಿಂದ ಅಂಗಿ ಹಿಡಿದು ಜಗ್ಗಿದೆ. ಆ ಹುಡುಗಿ ನನಗ ಬೈತು, ಎಣಿಕಿ ತಪ್ಪಿಸಿದಿ ಯಜ್ಜಾ ಅಂತ.”

ಆ ಸುದ್ದಿ ತಿಳಿದ ಸಂಜೆ ದ್ಯಾಮಕ್ಕ ಊಟ ಮಾಡಲಿಲ್ಲ. ಮರುದಿನ ತಾವೇ ಎರಡೂ ಮನೆಗೆ ಹೋಗಿ, ಮಕ್ಕಳನ್ನು ಬೈಯಬೇಡಿ, ಮಾತು ನನ್ನದು ಎಂದು ಹೇಳಿ ಬಂದರು. ತ್ರಿವೇಣಿಯ ಅಪ್ಪ ಲಿಂಗರಾಜ್ ಟಿಪ್ಪರ್ ಚಾಲಕ. ಅವರು ಬಾಗಿಲಲ್ಲೇ ನಿಂತು ಕೇಳಿಸಿಕೊಂಡರು, ಒಳಗೆ ಬನ್ನಿ ಎನ್ನಲಿಲ್ಲ. ಅದೇ ದಿನ ಪಂಚಾಯಿತಿಗೆ ಅರ್ಜಿ ಕೊಟ್ಟರು.

ಹತ್ತೂವರೆಗೆ ಪಂಚಾಯಿತಿ ಸಭಾಂಗಣದಲ್ಲಿ ಇಪ್ಪತ್ತಮೂರು ಜನ ಸೇರಿದ್ದಾರೆ. ತಾಯಂದಿರು ನಾಟಿಗೆ ಹೋಗಿರುವುದರಿಂದ ಹೆಚ್ಚಿನವರು ಅಪ್ಪಂದಿರು ಮತ್ತು ಅಜ್ಜಿಯರು. ಪಿಡಿಒ ಮಹಾಂತೇಶ ಅವರ ಮೇಜಿನ ಮೇಲೆ ನಕ್ಷೆಯ ಪುಸ್ತಕವಿದೆ. ದ್ಯಾಮಕ್ಕ ಕುರ್ಚಿ ಕೊಟ್ಟರೂ ಕೂರುವುದಿಲ್ಲ. ಸೆರಗಿನ ತುದಿಯನ್ನು ಬೆರಳಿಗೆ ಸುತ್ತುತ್ತ, ಬಿಚ್ಚುತ್ತ ನಿಂತಿದ್ದಾರೆ.

ಲಿಂಗರಾಜ್ ಕೂಗಾಡುವುದಿಲ್ಲ.

“ದ್ಯಾಮಕ್ಕ, ನಿನ್ನ ಮ್ಯಾಲ ನನಗ ಸಿಟ್ಟಿಲ್ಲ. ನನ್ನ ಮಗಳು ನಿನ್ನ ಕಡೆ ಬಂದು ಶಾಣ್ಯಾಕಿ ಆಗ್ಯಾಳ, ಖರೆ. ಶಾಣ್ಯಾಕಿ ಹೆಣ ಹೊತ್ಕೊಂಡು ನಾನೇನ್ ಮಾಡ್ಲಿ?”

“ನೀ ಅನ್ನೋದು ಸರಿ ಐತಣ್ಣ,” ಎನ್ನುತ್ತಾರೆ ದ್ಯಾಮಕ್ಕ. “ಹೋಗಿ ನೋಡ್ರಿ ಅಂದಾಕಿ ನಾನು. ಎಲ್ಲಿಗೆ ಹೋಗಬಾರದು ಅಂತ ಹೇಳಲಿಲ್ಲ.”

“ಹಂಗಾದ್ರ ಅಳಿಸಿಬಿಡ್ರಿ,” ಎನ್ನುತ್ತಾರೆ ಹಿಂದಿನ ಸಾಲಿನ ಒಬ್ಬರು. “ಲೈಬ್ರರ್ಯಾಗ ಗೇಮ್ ಯಾಕ ಬೇಕು?” ಎಂದು ಇನ್ನೊಬ್ಬರು ದನಿಗೂಡಿಸುತ್ತಾರೆ. ಮೂರು ನಾಲ್ಕು ತಲೆಗಳು ಆಡುತ್ತವೆ. ತಮ್ಮ ಪರವಾಗಿ ಹೇಳಿಕೊಳ್ಳಲು ದ್ಯಾಮಕ್ಕನ ಬಳಿ ಎರಡು ಸಾವಿರದ ಮುನ್ನೂರು ಪದಗಳಿವೆ, ಆ ಪುಸ್ತಕವನ್ನು ತಂದೇ ಇಲ್ಲ.

ಮಹಾಂತೇಶ ನಕ್ಷೆಯ ಪುಸ್ತಕದ ಕೊನೆಯ ಪುಟ ತೆರೆದು ನೋಡುತ್ತಾರೆ. ಗಟ್ಟಿಯಾಗಿ ಓದುತ್ತಾರೆ. ತ್ರಿವೇಣಿಯ ದುಂಡನೆಯ ಅಕ್ಷರ: “ಅಂಗನವಾಡಿಯಿಂದ ಹಳೆಗುಂಡಿಗೆ 405 ಹೆಜ್ಜೆ. ಅಷ್ಟರಲ್ಲಿ ಓಬಳಪ್ಪ ಅಜ್ಜ ಹಿಡಿದುಕೊಂಡ. ಉಳಿದದ್ದು 7 ಇರಬಹುದು. ನನ್ನ ಒಂದು ಹೆಜ್ಜೆ 50 ಸೆಂಟಿಮೀಟರ್. ಒಟ್ಟು 206 ಮೀಟರ್.”

ಏಳು ಹೆಜ್ಜೆ. ಲಿಂಗರಾಜ್ ಅಂಗೈಯಿಂದ ಮುಖ ಒರೆಸಿಕೊಳ್ಳುತ್ತಾರೆ.

ಮಹಾಂತೇಶ ಎದ್ದು ಕಪಾಟಿನಿಂದ ಒಂದು ಕಡತ ತೆಗೆಯುತ್ತಾರೆ. ಎತ್ತು ಬಿದ್ದ ವರ್ಷ ಬೇಲಿ ಕೇಳಿ ಬರೆದ ಪತ್ರ ಅದರಲ್ಲಿದೆ. ಹೊಂಡವು ವಸತಿಯಿಂದ ಅರ್ಧ ಕಿಲೋಮೀಟರಿಗೂ ದೂರ ಇರುವುದರಿಂದ ತುರ್ತು ಕಾಣುವುದಿಲ್ಲ ಎಂಬ ಉತ್ತರವೂ ಇದೆ. ಅದನ್ನೂ ಅವರು ಗಟ್ಟಿಯಾಗಿಯೇ ಓದುತ್ತಾರೆ. “ನಾನೂ ಇದನ್ನ ಓದಿ ಸುಮ್ಮನಾದೋನೇ,” ಎಂದು ಸೇರಿಸುತ್ತಾರೆ.

ಹುಲಿಗೇಶನ ಅಜ್ಜಿ ಎರ್ರಮ್ಮ ಕುಳಿತಲ್ಲಿಂದಲೇ ಬಾಯಿ ತೆರೆಯುತ್ತಾರೆ. ಬೈಯುವುದರ ಬಗ್ಗೆ ಮೊಮ್ಮಗ ಬೆಳಿಗ್ಗೆ ಹೇಳಿದ್ದು ಸುಳ್ಳಲ್ಲ.

“ಗುಂಡಿ ತೋಡಿದೋರ್ನ ಯಾರೂ ಕರೀಲಿಲ್ಲ. ಎಣಿಸಿದೋರ್ನ ಕರ್ದು ನಿಂದ್ರಿಸೀರಿ. ಅಂಗನವಾಡ್ಯಾಗ ಇಪ್ಪತ್ತು ಕೂಸು ಅದಾವ, ಅವಕ್ಕ ಎಣಿಸಾಕ ಬರಂಗಿಲ್ಲ. ಅವು ಹಂಗ ಹೋಗ್ತಾವ. ಏನಪಾ ಸಾಹೇಬ, ಟೇಪ್ ಐತೋ ಇಲ್ಲೋ ನಿನ್ನ ಆಫೀಸಿನ್ಯಾಗ?”

ಟೇಪ್ ಇದೆ, ಮೂವತ್ತು ಮೀಟರಿನದು.

ಮಧ್ಯಾಹ್ನ ಹನ್ನೆರಡರ ಬಿಸಿಲಿನಲ್ಲಿ ಎಂಟು ಜನ ಅಂಗನವಾಡಿಯ ಮುಂದೆ ನಿಲ್ಲುತ್ತಾರೆ. ಮಕ್ಕಳಿಗೆ ಬರಲು ಬಿಟ್ಟಿಲ್ಲ. ಟೇಪಿನ ಒಂದು ತುದಿ ದ್ಯಾಮಕ್ಕನ ಕೈಯಲ್ಲಿ, ಇನ್ನೊಂದು ಲಿಂಗರಾಜ್ ಕೈಯಲ್ಲಿ. ಅವರಿಬ್ಬರ ನಡುವೆ ಟೇಪು ಬಿಗಿಯಾಗುತ್ತದೆ, ಸಡಿಲಾಗುತ್ತದೆ. ಒಂದು, ಎರಡು, ಮೂರು. ನಾಲ್ಕನೆಯ ಟೇಪಿನ ಹೊತ್ತಿಗೆ ಅಂಗನವಾಡಿಯ ಮಕ್ಕಳ ಗದ್ದಲ ಇನ್ನೂ ಸ್ಪಷ್ಟವಾಗಿ ಕೇಳುತ್ತದೆ. ಆರು ಪೂರ್ತಿಯಾದಾಗ ಜಾಲಿಗಿಡಗಳ ಸಂದಿನಲ್ಲಿ ಒಮ್ಮೆಲೇ ನೆಲ ಮುಗಿಯುವುದು ಕಾಣುತ್ತದೆ. ಹತ್ತಿರ ಬರುವ ತನಕ ಅದು ಕಾಣುವುದೇ ಇಲ್ಲ.

“ನಿಧಾನ ಲಿಂಗರಾಜ,” ಎಂದು ಓಬಳಪ್ಪ ಎಚ್ಚರಿಸುತ್ತಾರೆ.

ಲಿಂಗರಾಜ್ ಅಂಚಿಗೆ ಟೇಪು ಹಿಡಿಯಲು ಬಾಗುತ್ತಾರೆ. ಅವರ ಬಲಗಾಲ ಕೆಳಗಿನ ಮಣ್ಣು ಸದ್ದಿಲ್ಲದೆ ಕಳಚಿಕೊಳ್ಳುತ್ತದೆ. ಅವರು ಹಿಂದಕ್ಕೆ ಕುಸಿದು ಕೂರುತ್ತಾರೆ. ದ್ಯಾಮಕ್ಕ ತಮ್ಮ ತುದಿಯನ್ನು ಎರಡೂ ಕೈಯಿಂದ ಹಿಡಿದು ಎಳೆಯುತ್ತಾರೆ, ಆ ತೆಳು ಟೇಪು ಒಬ್ಬ ಆಳನ್ನು ತಡೆಯುತ್ತದೆ ಎಂಬಂತೆ. ಮಣ್ಣು ನೀರಿಗೆ ಬಿದ್ದ ಸದ್ದು ಕ್ಷಣ ಬಿಟ್ಟು ಆಳದಿಂದ ಕೇಳುತ್ತದೆ.

ಲಿಂಗರಾಜ್ ಅಲ್ಲೇ ಕೂತಿದ್ದಾರೆ. ಟೇಪಿನ ತುದಿ ಬಿಡದೆ ಕೇಳುತ್ತಾರೆ, “ಎಷ್ಟ ಬಂತು?”

“ಆರು ಪೂರ್ತಿ, ಮ್ಯಾಲ ಇಪ್ಪತ್ತೆಂಟು,” ಎನ್ನುತ್ತಾರೆ ಮಹಾಂತೇಶ. “ಇನ್ನೂರಾ ಎಂಟು ಮೀಟರ್.”

ಎಲ್ಲರೂ ಊರಿನತ್ತ ತಿರುಗುತ್ತಾರೆ. ಓಬಳಪ್ಪ ಮಾತ್ರ ಹಿಂದೆ ಉಳಿದು, ಕೊಡಲಿಯಿಂದ ಜಾಲಿಮುಳ್ಳು ಕಡಿದು ಅಂಚಿನುದ್ದಕ್ಕೂ ಎಳೆದು ಹಾಕತೊಡಗುತ್ತಾರೆ. ಕೊಡಲಿಯ ಸದ್ದು ಊರಿನ ತನಕ ಬರುತ್ತದೆ.

ಲಿಂಗರಾಜ್ ನೇರ ಗ್ರಂಥಾಲಯಕ್ಕೆ ಹೋಗುತ್ತಾರೆ, ಉಳಿದವರು ಅವರ ಹಿಂದೆ. ಬಗ್ಗಿ ಕೀಬೋರ್ಡಿನ ವೈರ್ ಕಳಚಿ, ಕೀಬೋರ್ಡನ್ನು ಕಂಕುಳಲ್ಲಿ ಇಟ್ಟುಕೊಳ್ಳುತ್ತಾರೆ.

“ಅಳಿಸಬ್ಯಾಡ್ರಿ,” ಎನ್ನುತ್ತಾರೆ ಲಿಂಗರಾಜ್, ಪಿಡಿಒ ಕಡೆ ನೋಡಿ. “ಇದು ನನ್ನ ಮನ್ಯಾಗ ಇರ್ಲಿ. ತಂತಿಬೇಲಿ ಆದ ದಿನ ನಾನ ತಂದು ಹಚ್ತೀನಿ. ಆಗಲಿಲ್ಲಂದ್ರ ನನ್ನ ಕೇಳಬ್ಯಾಡ್ರಿ, ಬೇಲಿ ಹಾಕಬೇಕಾದೋರ್ನ ಕೇಳ್ರಿ.”

ಸಭೆಯ ನಡಾವಳಿ ಪುಸ್ತಕದಲ್ಲಿ ಮಹಾಂತೇಶ ಬರೆದುಕೊಳ್ಳುತ್ತಾರೆ. ಮುಂದಿನ ತಿಂಗಳ ಹತ್ತರೊಳಗೆ ಬೇಲಿ. ನಕ್ಷೆಯಲ್ಲಿ ಊರಿನ ಆಸುಪಾಸಿನ ಹೆಸರು ಇಡಕೂಡದು. ಆಟದ ಹೊತ್ತಿಗೆ ದಿನಾ ಒಬ್ಬ ಹಿರಿಯರು ಚಾಪೆಯ ಬಳಿ ಇರಬೇಕು. ಮೊದಲ ವಾರ ಎರ್ರಮ್ಮನ ಪಾಳಿ. “ನನಗ ಓದಾಕ ಬರಂಗಿಲ್ಲ, ಆದ್ರ ಒತ್ತಾಕ ಯಾರನ್ನೂ ಬಿಡಂಗಿಲ್ಲ,” ಎಂದು ಎರ್ರಮ್ಮ ಒಪ್ಪಿಕೊಂಡಿದ್ದಾರೆ.

ಬೇಲಿಗೆ ಒಪ್ಪಿಗೆ ಮೇಲಿನಿಂದ ಬರಬೇಕು. ಹತ್ತರೊಳಗೆ ಬರುತ್ತದೆಂದು ಖಚಿತವಾಗಿ ಹೇಳುವವರು ಹುಣಸೆಹಟ್ಟಿಯಲ್ಲಿ ಯಾರೂ ಸಿಗಲಿಲ್ಲ. ಕೀಬೋರ್ಡ್ ಇಲ್ಲದ ಕಂಪ್ಯೂಟರಿಗೆ ದ್ಯಾಮಕ್ಕ ಬಟ್ಟೆ ಹೊದಿಸುತ್ತಾರೆ. ನಾಳೆ ಬೆಳಿಗ್ಗೆಯೂ ಐದು ಮುಕ್ಕಾಲಿಗೇ ಬೀಗ ತೆಗೆಯುವುದಾಗಿ ಹೇಳುತ್ತಾರೆ, ಟೆಂಪೊ ಅಂತೂ ನಿಲ್ಲುವುದಿಲ್ಲವಲ್ಲ. ಪದಗಳ ಪುಸ್ತಕವಿದೆ, ಓದಿಸುತ್ತಾರೆ.

ನಿಮಗೇನು ಬೇಕು ಎಂದು ಕೇಳಿದರೆ, “ಬೇಲಿ,” ಎನ್ನುತ್ತಾರೆ. ಹೊಸ ಕಂಪ್ಯೂಟರ್ ಬೇಡವೇ?

“ಬ್ಯಾಡ್ರೀ. ಬೇಲಿ ಆಗ್ಲಿ. ಉಳಿದ ನಾಕು ಊರು ಯಾವಾಗರ ದಾಟ್ತೀವಿ.”

ಮೇಜಿನ ಮೇಲಿದ್ದ ನಕ್ಷೆಯ ಪುಸ್ತಕವನ್ನು ಮಹಾಂತೇಶ ಅವರಿಗೇ ವಾಪಸ್ ಕೊಟ್ಟಿದ್ದಾರೆ. ಅವರು ಕೊನೆಯ ಪುಟ ತೆಗೆದು, ತ್ರಿವೇಣಿ ಬರೆದ 206ರ ಪಕ್ಕದಲ್ಲಿ ಟೇಪಿನ 208 ಬರೆಯುತ್ತಾರೆ. ಆಮೇಲೆ ತಲೆ ಎತ್ತದೆಯೇ ಹೇಳುತ್ತಾರೆ:

“ತಪ್ಪು ನಂದು ರೀ. ಎಣಿಕಿ ಮಾತ್ರ ಆ ಹುಡುಗೀದು ಸರಿ ಇತ್ತು.”